ಕಲ್ಲು ಯಾರು ತಿಂತಾರ?

ತೂಕ-ಅಳತೆ ಇನ್ಸ್‌ಪೆಕ್ಟರ್ ಆಗಿ ಇಪ್ಪತ್ತೆರಡು ವರ್ಷ ಗದಗ ಸುತ್ತಮುತ್ತ ತಿರುಗಿದ್ದೇನೆ. ನಾನು ತಕ್ಕಡಿ ಪರೀಕ್ಷಿಸಲು ಹೋಗುತ್ತೇನೆ, ಜನ ನನ್ನನ್ನು ಪರೀಕ್ಷಿಸಿ ಕಳಿಸುತ್ತಾರೆ. ವ್ಯಾಪಾರಸ್ಥರಿಂದ ಒಂದು ಕಪ್ ಚಹಾ ಕೂಡ ಪುಕ್ಕಟೆ ಮುಟ್ಟಿದವನಲ್ಲ. ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಫಾದರ್ ಬೆತ್ತ ಹಿಡಿದು ಕಲಿಸಿದ ಪಾಠ ಅದು. ಈ ರಿಕಾರ್ಡಿನ ಬಗ್ಗೆ ನನಗಿಂತ ನನ್ನ ಜೀಪಿನ ಡ್ರೈವರನಿಗೇ ಹೆಮ್ಮೆ.

ಶಿರಹಟ್ಟಿ

ಕಿರಾಣಿ ಅಂಗಡಿಯವರು ಚಹಾ ತರಿಸಿದರು. ಬೇಡ ಅಂದೆ.

"ಹಂಗಾರ ಸೋಡಾ ಕುಡೀರಿ."

"ಬ್ಯಾಡ."

"ನೀರರ ಕುಡೀರಿ ಸಾಹೇಬ್ರ!"

"ನಂದು ಬಾಟ್ಲಿ ಐತಿ."

ಅವರು ಎದ್ದು ಫ್ಯಾನ್ ಬಂದ್ ಮಾಡಿದರು. "ಯಾಕ್ರೀ?" ಅಂದೆ.

"ನಮ್ಮ ಅಂಗಡಿ ಗಾಳಿ ತಗೊಂಡು ನಿಮ್ಮ ನಿಯಮ ಕೆಡಬಾರದಲ್ರೀ!"

ಲಕ್ಷ್ಮೇಶ್ವರ

ಮಿಠಾಯಿ ಅಂಗಡಿಯ ಎಲೆಕ್ಟ್ರಾನಿಕ್ ಕಾಟಾ, ಮೇಲೆ ಏನೂ ಇಲ್ಲದೆಯೇ ನಲವತ್ತು ಗ್ರಾಂ ತೋರಿಸುತ್ತಿತ್ತು.

"ಗಾಳಿ ಬೀಸಾಕತ್ತೇತ್ರಿ, ಅದು ಗಾಳಿ ತೂಕ," ಅಂದರು ಮಾಲಕರು.

ಫ್ಯಾನ್ ಆರಿಸಿದೆ. ನಲವತ್ತು ಅಲ್ಲೇ ನಿಂತಿತ್ತು.

"ಈಗ ಸೆಕಿ ಆತಲ್ರೀ. ಸೆಕಿ ಇನ್ನೂ ಭಾರ!"

ಕೇಸು ಹಾಕಿದೆ. ತಪ್ಪು ಮಾಡಿದವನಿಗೆ ಕಾರಣ ಸಿಗುವಷ್ಟು ಜಲ್ದಿ ನನಗೆ ಜೇಬಿನ ಪೆನ್ನು ಸಿಗುವುದಿಲ್ಲ.

ಮುಂಡರಗಿ

ಸಂತೆಯಲ್ಲಿ ಬದನೆಕಾಯಿ ಮಾರುವ ಅಜ್ಜಿಯ ತಕ್ಕಡಿಯಲ್ಲಿ ಕಿಲೋ ತೂಕದ ಬದಲು ಒಂದು ಕರಿ ಕಲ್ಲು. ತೂಗಿ ನೋಡಿದೆ.

"ಯವ್ವಾ, ನಿನ್ನ ಕಲ್ಲು ನಲವತ್ತು ಗ್ರಾಂ ಕಡಿಮಿ ಐತಿ."

"ಕಲ್ಲು ಯಾರ್ ತಿಂತಾರೋ ಯಪ್ಪಾ? ಬದನಿಕಾಯಿ ತೂಗು!"

ಒಂದೊಂದು ಕಿಲೋ ಕೊಂಡ ಮೂವರು ಗಿರಾಕಿಗಳನ್ನು ನಿಲ್ಲಿಸಿ ಅವರ ಚೀಲ ತೂಗಿದೆ. ಮೂರೂ ಚೀಲ ಒಂದು ಕಿಲೋಗಿಂತ ಹೆಚ್ಚು! ತೂಕ ಮುಗಿದ ಮೇಲೆ ಅಜ್ಜಿ ಎಲ್ಲರಿಗೂ ಎರಡು ಕಾಯಿ, ಒಂದಿಷ್ಟು ಕೊತ್ತಂಬರಿ ಕೊಸರು ಹಾಕುತ್ತಿದ್ದಳು. ಸಂತೆಗೆ ಸಂತೆಯೇ ನಕ್ಕಿತು. ಆದರೂ ಕಾಯ್ದೆ ಕಾಯ್ದೆಯೇ. ಕಲ್ಲು ಜಪ್ತಿ ಮಾಡಿ, ಮುದ್ರೆ ಇರುವ ತೂಕ ತರಲು ಹೇಳಿದೆ.

ಡ್ರೈವರ್ ಸಮಾಧಾನ ಹೇಳಿದ: "ಸಿಟ್ಟಾಗಬ್ಯಾಡ ಅಜ್ಜಿ. ನಮ್ಮ ಸಾಹೇಬ್ರು ಇಪ್ಪತ್ತೆರಡು ವರ್ಷದಾಗ ಯಾರ ಕಡಿಂದನೂ ಏನೂ ಇಸಕೊಂಡಿಲ್ಲ."

ಅಜ್ಜಿ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ಅದಕ್ಕ ಹಿಂಗ ಒಣಗ್ಯಾನ."

ಮುಂದಿನ ಸಂತೆಗೆ ಹೋದಾಗ ಹೊಸ ಕಬ್ಬಿಣದ ತೂಕ ಮಿಂಚುತ್ತಿತ್ತು. ಖುಷಿಯಾಗಿ, ರೊಕ್ಕ ಕೊಟ್ಟು ನಾನೂ ಒಂದು ಕಿಲೋ ಕೇಳಿದೆ. ತಕ್ಕಡಿಯ ಮುಳ್ಳು ನಟ್ಟನಡುವೆ ನಿಂತಿತು. ಅಜ್ಜಿ ಅಷ್ಟನ್ನೇ ಚೀಲಕ್ಕೆ ಸುರುವಿ ಕೈ ಝಾಡಿಸಿದಳು.

"ಆತು. ಸಾಹೇಬಗ ಸರಕಾರಿ ತೂಕ. ಕೊಸರು ಬರೇ ಮನಷ್ಯಾರಿಗೆ."

ಹಿಂದೆ ನಿಂತವರು ಕಿಸಕ್ಕೆಂದರು. ತೂಕ ಒಂದು ಗ್ರಾಮೂ ಕಡಿಮೆ ಇರಲಿಲ್ಲ. ನನಗೆ ಮಾತ್ರ ಏನೋ ಕಡಿಮೆ ಬಿತ್ತು. ಕಾಲು ಕೀಳಲಾಗಲಿಲ್ಲ.

"ಯವ್ವಾ..." ಅಂದೆ. ಚೀಲದ ಬಾಯಿ ತೆರೆದು ಹಿಡಿದೆ. "ನನಗೂ ಒಂದೀಟು ಕೊಸರು..."

ಅಜ್ಜಿ ಹಲ್ಲಿಲ್ಲದ ಬಾಯಿ ತುಂಬ ನಕ್ಕು ಎರಡು ಬದನೆಕಾಯಿ ಹಾಕಿದಳು. ಡ್ರೈವರ್ ತಲೆಯ ಮೇಲೆ ಕೈ ಹೊತ್ತ. "ಹೋತ್ರಿ ಸಾಹೇಬ್ರ, ಇಪ್ಪತ್ತೆರಡು ವರ್ಷದ ರಿಕಾರ್ಡು ಹೋತು!"

"ಹೋಗ್ಲಿ ಬಿಡೋ," ಅಂದು ಚೀಲದ ಬಾಯಿ ಇನ್ನಷ್ಟು ಅಗಲ ಮಾಡಿದೆ. "ಯವ್ವಾ, ಕೊತ್ತಂಬರಿ ಮರತಿ!"