ಭುಜದಲ್ಲಿ ಸೂಜಿ, ಕೈಯಲ್ಲಿ ಹಾರ

ಪೀಣ್ಯದ ಫ್ಯಾಕ್ಟರಿಯಲ್ಲಿ ಕಬ್ಬಿಣ ಕಡೆಯುವ ಲೇತ್ ಮುಂದೆ ಆಯಸ್ಸು ಸವೆಸಿದವನಿಗೆ ಸೂಜಿ ಯಾವ ಲೆಕ್ಕ! ಹೀಗೆಂದುಕೊಂಡೇ ನಾಗಸಂದ್ರದ ಅಕ್ಯುಪಂಕ್ಚರ್ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದೆ.

ಹೆಂಡತಿ ಸರೋಜ ತೀರಿಕೊಂಡ ಮೇಲೆ ನನ್ನ ಬಲಭುಜ ಮುಷ್ಕರ ಹೂಡಿತ್ತು. ಕೈ ಎದೆಯಿಂದ ಮೇಲೆ ಏಳುತ್ತಿರಲಿಲ್ಲ. ಅವಳ ವರ್ಷದ ತಿಥಿ ಹತ್ತಿರ ಬಂದಿತ್ತು.

"ಅಪ್ಪಾ, ಫೋಟೋಗೆ ಹಾರ ನಾನ್ ಹಾಕ್ತೀನಿ ಬಿಡಿ," ಎಂದಳು ಮಗಳು ಸುಧಾ.

"ನನ್ನ ಹೆಂಡ್ತಿ. ನಾನೇ ಹಾಕ್ತೀನಿ."

"ಹಂಗಾದ್ರೆ ಎಡಗೈಲಿ ಹಾಕಿ."

"ಎಡಗೈಲಾ? ಅವಳು ಎದ್ದು ಬಂದು ಬೈತಾಳೆ!"

ಕ್ಲಿನಿಕ್ಕಿನಲ್ಲಿ, ಜೊತೆಗೆ ಬಂದಿದ್ದ ಸುಧಾಳನ್ನು ಹೊರಗಿನ ಕೋಣೆಯಲ್ಲಿ ಕೂರಿಸಿ, ಒಳಗೆ ಅಂಗಿ, ಬನಿಯನ್ ಬಿಚ್ಚಿ ಮಲಗಿದೆ.

"ಇರುವೆ ಕಚ್ಚಿದಂಗೆ ಅಷ್ಟೇ ಸಾರ್," ಎಂದರು ಡಾಕ್ಟರ್ ಮೇಡಂ.

"ಕಪ್ಪಿರುವೆನಾ, ಕೆಂಪಿರುವೆನಾ?"

ಅಷ್ಟರಲ್ಲಿ ಭುಜಕ್ಕೆ ಏನೋ ತಾಗಿತು. ಕಿರುಚಿದೆ.

"ಸಾರ್, ಅದು ಹತ್ತಿ! ಸೂಜಿ ಇನ್ನೂ ತೆಗೆದೇ ಇಲ್ಲ."

ಸೂಜಿ ಕೂದಲಿನಷ್ಟು ಸಪೂರ. ಚುರ್ ಎಂದಿತು, ಆಮೇಲೆ ಭುಜ ಜುಮ್ಮೆಂದು ಭಾರವಾಯಿತು. ಅಷ್ಟೇ. "ಅಲುಗಾಡಬೇಡಿ," ಎಂದು ಹೇಳಿ ಮೇಡಂ ಹೊರಹೋದರು. ನನಗೆ ಮಂಪರು ಹತ್ತಿತು.

ಆಗ ಪಕ್ಕದ ಫ್ಯಾಕ್ಟರಿಯ ಊಟದ ಸೈರನ್ ಕೂಗಿತು! ಸೈರನ್ ಕೂಗಿದರೆ ಏಳುವುದು ನಾನಲ್ಲ, ನನ್ನ ಕಾಲು. ಕಣ್ಣು ಪೂರ್ತಿ ತೆರೆದಾಗ ನಾನು ಹೊರಗಿನ ಕೋಣೆಯಲ್ಲಿ, ಬರಿಮೈಯಲ್ಲಿ, ಮುಳ್ಳುಹಂದಿಯಂತೆ ನಿಂತು ಕೈತೊಳೆಯುವ ನಲ್ಲಿ ಹುಡುಕುತ್ತಿದ್ದೆ.

"ಅಪ್ಪಾ! ಎಲ್ಲಿಗೆ?"

"ಊಟಕ್ಕೆ!"

ಸರದಿಗೆ ಕಾಯುತ್ತಿದ್ದ ಅಜ್ಜಿ, "ಯವ್ವಾ, ಇಂಗೆಲ್ಲಾ ಚುಚ್ತಾರಾ!" ಎಂದು ಚೀಲ ಎತ್ತಿಕೊಂಡು ಮೆಟ್ಟಿಲಿಳಿದೇ ಬಿಟ್ಟರು.

ಮೇಡಂ ಓಡಿಬಂದರು. "ನೋವಾಯ್ತಾ ಸಾರ್?"

"ಇಲ್ಲ. ಹಸಿವಾಯ್ತು."

ಸೋಲೊಪ್ಪಲಿಲ್ಲ. ವಾಪಸ್ ಹೋಗಿ ಮಲಗಿದೆ. ತಿಥಿಯವರೆಗೂ ಬಿಡದೆ ಚುಚ್ಚಿಸಿಕೊಂಡೆ.

ತಿಥಿಯ ದಿನ ಹಾರ ಹಿಡಿದ ಬಲಗೈ ಗಲ್ಲದವರೆಗೆ ಏರಿ ನಿಂತಿತು. ಫೋಟೋ ಇನ್ನೂ ಮೇಲಿತ್ತು. ಸುಧಾ ಹಾರಕ್ಕೆ ಕೈ ಚಾಚಿದಳು.

"ಮುಟ್ಟಬೇಡ! ಸುತ್ತಿಗೆ ತಗೊಂಡ್ಬಾ. ಮೊಳೆ ಕೆಳಗೆ ಹೊಡಿ."

"ಪೂಜೆ ಟೈಮಲ್ಲಿ ಇದೇನಪ್ಪಾ?"

"ಕೈ ಏರಲ್ಲ ಅಂದ್ರೆ ಮೊಳೆ ಇಳೀಲಿ!"

ಅವಳು ಹೊಡೆದಳು. ನಾನು ಹಾಕಿದೆ. ಬಲಗೈಯಲ್ಲೇ.

ಈಗ ಮನೆಗೆ ಬಂದವರೆಲ್ಲ ಕೇಳುತ್ತಾರೆ: "ಯಾಕ್ರೀ ಫೋಟೋ ಇಷ್ಟು ಕೆಳಗೆ?"

"ಅವಳು ಇದ್ದಿದ್ದೇ ಅಷ್ಟೆತ್ತರ," ಎಂದು ಗತ್ತಿನಿಂದ ಹೇಳುತ್ತೇನೆ.

ಸುಳ್ಳು. ಸರೋಜ ನನಗಿಂತ ಗೇಣುದ್ದ ಎತ್ತರ. ಮದುವೆಯ ದಿನವೂ ನನ್ನ ಕೈ ಎಟುಕದೆ, ಹಾರಕ್ಕೆ ಅವಳೇ ಬಗ್ಗಿದ್ದಳು.