ರೇಸ್ ಕಾರಿನಲ್ಲಿ ನನ್ನದೊಂದು ಫೋಟೋ

ನಾನು ಹತ್ತಿದ ಗಾಡಿ ನಿಲ್ಲುತ್ತದೆ. ಇದು ಇವತ್ತು ನಿನ್ನೆಯ ಮಾತಲ್ಲ. ಹೆಣ್ಣು ನೋಡೋಕೆ ಹೋದ ದಿನವೇ ಸ್ಕೂಟರ್ ಕೈಕೊಟ್ಟು, ಬೆವರು ಸುರಿಸುತ್ತಾ ಅದನ್ನು ತಳ್ಳಿಕೊಂಡು ಮಂಡ್ಯದ ಆ ಮನೆ ಮುಂದೆ ನಿಂತಿದ್ದೆ. ಮದುವೆಯೇನೋ ಆಯಿತು. ಮಾವನವರ ಬಾಯಲ್ಲಿ ಮಾತ್ರ ನಾನು ‘ತಳ್ಕೊಂಡು ಬಂದ ಹುಡುಗ’ ಆಗಿಯೇ ಉಳಿದೆ. ಹೇಗಾದರೂ ಆ ಹೆಸರು ಅಳಿಸಬೇಕು ಅನ್ನೋದು ನನ್ನ ಹಟ.

೧. ಉಳಿದದ್ದೆಲ್ಲಿ?

ಡಾಟ್‌ಕಾಂ ಅಬ್ಬರದ ಕಾಲ. ಅಮೆರಿಕದ ಸ್ಯಾನ್ ಮಟಿಯೋದಲ್ಲಿ ನಮ್ಮ ಕಂಪನಿ ಇಂಟರ್ನೆಟ್ಟಿನಲ್ಲಿ ಏನೋ ಮಾರುತ್ತಿತ್ತು. ಏನು ಅಂತ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಬಾಸ್ ಒಂದು ದಿನ ಮೋಟಾರು ಹುಟ್ಟಿದ ಕಾಲದ ರೇಸ್ ಕಾರೊಂದನ್ನು ತಂದು ಆಫೀಸಿನೊಳಗೇ ಇಳಿಸಿದ. ಬಾಗಿಲಿಲ್ಲ, ಗಾಜಿಲ್ಲ, ಟಾಪಿಲ್ಲ. ಮಾರುದ್ದ ಇಂಜಿನ್ನು, ಹಿಂದೆ ಎರಡು ಸೀಟು, ಸೈಕಲ್ಲಿಗಿದ್ದ ಹಾಗೆ ಚೈನು.

“ಉಳಿದದ್ದು ಯಾವಾಗ ಬರುತ್ತೆ?” ಅಂದೆ.

“ಇಷ್ಟೇ ಕಾರು. ಓಡೋಕೆ ಬೇಡದ್ದನ್ನೆಲ್ಲ ಮೊದಲೇ ತೆಗೆದುಹಾಕಿದ್ದಾರೆ,” ಅಂದು ಬಾಸ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಒಂದು ವಾರ ನಾನು ತಲೆ ಎತ್ತದೆ ಕೋಡ್ ಬರೆದೆ.

೨. ಬೋರ್‌ವೆಲ್ ಅನುಭವ

ಆ ಕಾರು ಓಡುವಾಗ ಡ್ರೈವರ್ ಪಕ್ಕ ಒಬ್ಬ ಕೂತು ಕೈಪಂಪು ಹೊಡೀತಾನೇ ಇರಬೇಕು. ಇಲ್ಲದಿದ್ದರೆ ಇಂಜಿನ್ನಿಗೆ ಪೆಟ್ರೋಲು ಹೋಗಲ್ಲ. ಊರಿನ ಮೆರವಣಿಗೆಗೆ ನನ್ನ ಜೊತೆ ಯಾರು ಬರ್ತೀರಿ ಅಂತ ಬಾಸ್ ಕೇಳಿದ. ಕೈಯೆತ್ತಿಬಿಟ್ಟೆ. ರೇಸ್ ಕಾರಲ್ಲಿ ಕೂತ ನನ್ನ ಒಂದು ಫೋಟೋ ಮಂಡ್ಯಕ್ಕೆ ಹೋದರೆ ಸಾಕು!

“ಪಂಪು ಹೊಡೆದು ಅಭ್ಯಾಸ ಇದೆಯಾ?”

“ಬೋರ್‌ವೆಲ್ ಹೊಡೆದೇ ಬೆಳೆದವನು ನಾನು.”

ಅಲ್ಲೇ ಹೊಡೆದು ತೋರಿಸಿದೆ ನೋಡಿ, ಪೆಟ್ರೋಲು ಉಕ್ಕಿ ನೆಲವೆಲ್ಲ ಹರಿದು, ಇಡೀ ಆಫೀಸನ್ನ ಪಾರ್ಕಿಂಗ್ ಲಾಟಿಗೆ ಓಡಿಸಿದರು. ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ, “ಕೆಳಗೆ ಬಿಂದಿಗೆ ಇಟ್ಟಿದ್ರಾ?” ಅಂದಳು.

೩. ಫೋಟೋ

ಮೆರವಣಿಗೆ ದಿನ ಅವಳು ಕ್ಯಾಮೆರಾ ಹಿಡಿದು ತಿರುವಿನಲ್ಲಿ ನಿಂತಳು. ಕಾರು ಗುಡುಗುತ್ತಾ ಹೊರಟಿತು. ಈ ಸಲ ಹದವಾಗಿಯೇ ಪಂಪು ಹೊಡೆಯುತ್ತಿದ್ದೆ.

“ರೀ, ಇಲ್ಲಿ ನೋಡ್ರೀ!”

ಎದೆ ಉಬ್ಬಿಸಿ ಎರಡೂ ಕೈ ಎತ್ತಿ ಬೀಸಿದೆ. ಇಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಯಿತು.

“ಪಂಪು!” ಅಂತ ಕಿರುಚಿದ ಬಾಸ್. ಹಿಂದೆ ಬ್ಯಾಂಡಿನವರು ಬಂದು ನಿಂತುಬಿಟ್ಟಿದ್ದರು. ಇಳಿದು ತಳ್ಳಿದೆ. ನನ್ನವಳು ಕ್ಯಾಮೆರಾ ಒತ್ತಿದ್ದು ಸರಿಯಾಗಿ ಆಗಲೇ. ಕಾರು ಚೆನ್ನಾಗಿ ಬಂದಿದೆ ಅಂತ ಅದನ್ನೇ ಊರಿಗೂ ಕಳಿಸಿದಳು.

ಕೆಲವು ವಾರದ ಮೇಲೆ ಮಾವನವರ ಫೋನು.

“ಅಳಿಯಂದ್ರೇ, ಫೋಟೋ ಬಂತು.”

“ಕಾರು ಚೆನ್ನಾಗಿದೆಯಲ್ಲ ಮಾವ?” ಅಂತ ಮಾತು ತಿರುಗಿಸೋಕೆ ನೋಡಿದೆ.

“ಪರವಾಗಿಲ್ಲ ಕಣ್ರೀ, ಅಮೆರಿಕಕ್ಕೆ ಹೋಗಿದ್ದಕ್ಕೆ ಮುಂದೆ ಬಂದ್ರಿ. ಆಗ ಎರಡು ಚಕ್ರ ತಳ್ತಿದ್ರಿ, ಈಗ ನಾಲ್ಕು!”