ಕಳಚಿಬಿದ್ದ ಉಡದಾರ ಮತ್ತು ಜಿಮ್ಮಿನ ಪರವಾನಗಿ ಕುರಿತು

ಇಂದ,
ಶಂಕರಲಿಂಗ, ಕಟ್ಟಡ ಕೆಲಸದ ಮುಕಾದಮ,
ಸದ್ಯ ಹೊರಗಿನ ಕಟ್ಟೆ, ಬಾಡಿಗೆ ಮನೆ, ಫಾತೋರ್ಡಾ, ಗೋವಾ.

ಗೆ,
ಶ್ರೀಮತಿ ಭಾಗವ್ವನವರು,
ಅಡುಗೆಮನೆ, ಗಿರ್ಮಿಟ್ ಗಾಡಿ ಹಾಗೂ ಅರ್ಜಿದಾರನ ಮೇಲ್ವಿಚಾರಕರು,
ಒಳಗಿನ ಕೋಣೆ, ಅದೇ ವಿಳಾಸ.

ವಿಷಯ: ಜಿಮ್ಮಿಗೆ ಹೋಗಲು ಮತ್ತೆ ಪರವಾನಗಿ ಕೋರಿ.

ಉಲ್ಲೇಖ: 1. ಸೋಮವಾರ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ತಾವು ಹೊರಡಿಸಿದ ಮೌಖಿಕ ಆದೇಶ.
2. ಅದೇ ಆದೇಶ, ಓಣಿಗೆಲ್ಲ ಕೇಳುವಂತೆ ಮತ್ತೊಮ್ಮೆ.

ಮಾನ್ಯರೇ,

ಬಾಯಿಮಾತಿನಲ್ಲಿ ಕೇಳೋಣವೆಂದರೆ ತಾವು ಎರಡನೇ ಶಬ್ದಕ್ಕೇ ತಡೆದು ಬಾಗಿಲು ಹಾಕಿಕೊಳ್ಳುವ ಕಾರಣ, ತಮ್ಮ ಗಂಡನಾದ ನಾನು ಬರವಣಿಗೆಯಲ್ಲಿ ವಿನಂತಿಸಿಕೊಳ್ಳುವುದೇನೆಂದರೆ:

1. ಅರ್ಜಿದಾರನು ಸಿಮೆಂಟ್ ಚೀಲ ಹೊರುತ್ತಿದ್ದ ಕಾಲದಲ್ಲಿ ಅವನಿಗೆ ಹೊಟ್ಟೆ ಎಂಬುದು ಇರಲಿಲ್ಲ. ಮುಕಾದಮನಾದ ಮೇಲೆ ಕುರ್ಚಿಯಲ್ಲಿ ಕೂತು ಒದರುವುದೇ ಕೆಲಸವಾದ ಕಾರಣ, ಮತ್ತು ಗಾಡಿಯಲ್ಲಿ ಮಿಕ್ಕ ಮಿರ್ಚಿ ಭಜಿ ಚೆಲ್ಲಬಾರದೆಂಬುದು ತಮ್ಮ ಧೋರಣೆಯಾದ ಕಾರಣ, ಹೊಟ್ಟೆ ಬಂದಿತು. ಮುಕಾದಮ ಆಮೇಲೆ ಬರುತ್ತಾನೆ, ಹೊಟ್ಟೆ ಮೊದಲು ಬರುತ್ತದೆ ಎಂದು ಗುತ್ತಿಗೆದಾರರು ಕೊಂಕಣಿಯಲ್ಲಿ ಹೇಳಿ ನಕ್ಕಾಗ ತಾವೂ ನಕ್ಕಿದ್ದೀರಿ.

2. ಲಿವರಿನಲ್ಲಿ ಕೊಬ್ಬು ಸೇರಿದೆ, ಊಟ ಹದಕ್ಕೆ ತಂದು ಭಾರ ಎತ್ತಿ ಎಂದು ಡಾಕ್ಟರು ಹೇಳಿದರು. ಆಗ ತಾವು, "ಚೀಲ ಹೊತ್ರ ಅವ್ರು ರೊಕ್ಕಾ ಕೊಡತಿದ್ರು. ಈಗ ಕಬ್ಬಣ ಎತ್ತಾಕ ನಾವ ರೊಕ್ಕಾ ಕೊಡೂದೇನ್ರಿ?" ಎಂದು ಆಕ್ಷೇಪಿಸಿಯೂ ಒಪ್ಪಿದಿರಿ. ಅದಕ್ಕೆ ಅರ್ಜಿದಾರನು ಋಣಿ.

3. ತದನಂತರ ತಾವು ಪ್ರತಿ ಭಾನುವಾರ ಅರ್ಜಿದಾರನನ್ನು ಹುಸೇನಸಾಬರ ಗುಜರಿ ಅಂಗಡಿಯ ತೂಕದ ಕಾಟಾದ ಮೇಲೆ ನಿಲ್ಲಿಸಿದಿರಿ. ಮುಳ್ಳು ಮೊದಲಿನ ಅಂಕಿಯಿಂದ ಅಲುಗಲಿಲ್ಲ. "ಭಾಗವ್ವಾರ, ತೂಕ ಚಲೋ ಐತಿ. ಇಲ್ಲೇ ಬಿಟ್ಟು ಹೊಕ್ಕೀರೇನು, ರೇಟ್ ಹೇಳಲ್ರಿ?" ಎಂದು ಹುಸೇನಸಾಬರು ಕೇಳಿದ್ದು ಅರ್ಜಿದಾರನ ಮನಸ್ಸಿನಲ್ಲಿ ಇನ್ನೂ ಇದೆ. ಹೊರಗೆ ಕದ್ದು ತಿನ್ನುತ್ತಾನೆಂಬ ಆರೋಪ ಅಂದಿನಿಂದ ಜಾರಿಯಲ್ಲಿದೆ.

4. ಹೀಗಿರುವಲ್ಲಿ ಸೋಮವಾರ ಸ್ನಾನದ ವೇಳೆ, ನಮ್ಮ ಮನೆಯ ಪದ್ಧತಿಯಂತೆ ನಾಗರ ಪಂಚಮಿಗೆ ತಾವೇ ಅರ್ಜಿದಾರನ ಸೊಂಟಕ್ಕೆ ಕಟ್ಟಿದ್ದ ಉಡದಾರವು ಬಿಚ್ಚದೆ, ಹರಿಯದೆ, ಗಂಟು ಹಾಗೇ ಇದ್ದು, ತಾನಾಗಿಯೇ ಜಾರಿ ಬಚ್ಚಲಕಲ್ಲಿನ ಮೇಲೆ ಬಿತ್ತು. ತಾವು ಅದನ್ನು ಕಂಡು, "ಅಯ್ಯ ಶಿವನ, ಗಂಡಸಿನ ಉಡದಾರ ಕಳಚೂದು ಹೆಣಾ ಆದ ಮ್ಯಾಲ ಅಲ್ಲೇನ್ರಿ! ಸವದು ಹೊಂಟೀರಿ ನೀವು. ಇನ್ನ ಆ ಜಿಮ್ಮಿಗೆ ಕಾಲಿಟ್ರ ನನ್ನ ಆಣಿ ಐತ್ರಿ" ಎಂದು ಕೂಗಿಕೊಂಡಿರಿ. ಅಂದಿನಿಂದ ಮೂರೂ ಹೊತ್ತು ಹೋಳಿಗೆ, ಮೇಲೆ ತುಪ್ಪ.

5. ಭಾನುವಾರ ಇಳಿದಿಲ್ಲವೆಂದು ಬೈಗುಳ, ಸೋಮವಾರ ಸವೆದನೆಂದು ಅಳು. ಅರ್ಜಿದಾರನಿಗೆ ಅತ್ತ ದರಿ ಇತ್ತ ಪುಲಿ. ಜಿಮ್ಮಿನ ತರಬೇತುದಾರ ಮುಜಫ್ಫರನನ್ನು ವಿಚಾರಿಸಲಾಗಿ, "ಕಾಕಾ, ಕೊಬ್ಬು ಇಳದೈತ್ರಿ, ಕಸುವು ಕೂಡೈತ್ರಿ. ತೂಕ ಅಷ್ಟ ಇದ್ರೂ ನಡಾ ಸಣ್ಣ ಆಗೇದ. ಕಾಟಾಕ್ಕಿಂತ ನಿಮ್ಮ ಉಡದಾರನ ಖರೇ ಹೇಳೇತ್ರಿ" ಎಂದನು. ತಮ್ಮ ಗಾಡಿಯಲ್ಲೇ ನೋಡಬಹುದು: ಒಂದು ಕಿಲೋ ಚುರುಮುರಿಗೆ ದೊಡ್ಡ ಚೀಲ ಬೇಕು, ಒಂದು ಕಿಲೋ ಬೆಲ್ಲ ಅಂಗೈಯಲ್ಲಿ ಕೂರುತ್ತದೆ. ಅರ್ಜಿದಾರನು ಈಗ ಚುರುಮುರಿಯಿಂದ ಬೆಲ್ಲದ ಕಡೆಗೆ ಹೋಗುತ್ತಿದ್ದಾನೆ. ಪೂರಾ ಉಪವಾಸ ಮಾಡಿದರೆ ಕೊಬ್ಬಿನ ಜೊತೆ ಕಸುವೂ ಹೋಗುವುದರಿಂದ ಊಟ ಬಿಡಿಸಿ ಎಂದು ಕೇಳುತ್ತಿಲ್ಲ. ರೊಟ್ಟಿ ಇರಲಿ, ಮಡಕಿಕಾಳಿನ ಪಲ್ಯ ಹೆಚ್ಚಲಿ, ತತ್ತಿ ಇರಲಿ. ಮಿಕ್ಕ ಭಜಿಯನ್ನು ಮಾತ್ರ ಬೇರೆ ಯಾರಿಗಾದರೂ ವರ್ಗಾಯಿಸಬೇಕು.

6. ಸಣ್ಣವರಿದ್ದಾಗ, ತೀರಿಕೊಂಡ ತಮ್ಮ ತಂದೆಯವರ ಉಡದಾರ ಕತ್ತರಿಸುವುದನ್ನು ತಾವು ಬಾಗಿಲ ಸಂದಿಯಿಂದ ನೋಡಿದ್ದು ಅರ್ಜಿದಾರನಿಗೆ ಗೊತ್ತಿದೆ. ಸೋಮವಾರ ಬಿದ್ದ ದಾರವನ್ನು ತಾವು ಮುಟ್ಟದೆ ಹಿಂದೆ ಸರಿದದ್ದನ್ನೂ ಅವನು ಕಂಡಿದ್ದಾನೆ. ಅವನಿಗೂ ತಮ್ಮನ್ನು ಬಿಟ್ಟುಹೋಗುವ ಮನಸ್ಸಿಲ್ಲ, ಕಬ್ಬಿಣ ಎತ್ತುತ್ತಿರುವುದೇ ಆ ಕಾರಣಕ್ಕೆ. ಇದನ್ನು ಎದುರಿಗೆ ನಿಂತು ಹೇಳಲು ನಾಚಿಕೆಯಾಗುವುದರಿಂದ ಆರನೇ ಅಂಶವಾಗಿ ಸೇರಿಸಲಾಗಿದೆ.

ಆದ್ದರಿಂದ ತಾವು ಆಣೆಯನ್ನು ಹಿಂಪಡೆದು, ಲಗತ್ತಿಸಿದ ಹೊಸ ದಾರವನ್ನು ಸ್ವಹಸ್ತದಿಂದ ಕಟ್ಟಿಕೊಡಬೇಕು. ಸೊಂಟ ಇನ್ನೂ ಇಳಿಯುವ ಲಕ್ಷಣ ಇರುವುದರಿಂದ ತುದಿಯನ್ನು ಉದ್ದವಾಗಿ ಬಿಡಬೇಕು. ಪ್ರತಿ ಅಮಾವಾಸ್ಯೆಗೆ ಗಂಟು ಬಿಗಿ ಮಾಡಿಸಿಕೊಳ್ಳಲು ಅರ್ಜಿದಾರನು ತಮ್ಮ ಮುಂದೆ ಖುದ್ದಾಗಿ ಬಂದು ನಿಲ್ಲುತ್ತಾನೆ. ತಾವು ಬದುಕಿರುವವರೆಗೂ ನಿಲ್ಲುವ ಇರಾದೆ ಇದೆ.

ತಮ್ಮ ವಿಶ್ವಾಸಿ, ತಾವು ಕಟ್ಟಿದ ಗಂಟಿಗೆ ಬದ್ಧನಾದ,
ಶಂಕರಲಿಂಗ

ಲಗತ್ತುಗಳು:
1. ಜಾರಿದ ಉಡದಾರ, ತೊಳೆದು ಒಣಗಿಸಿದ್ದು, ಗಂಟು ಸಮೇತ.
2. ಹೊಸ ಕರಿ ದಾರ, ಒಂದು ಉಂಡೆ.

ವಿಶೇಷ ಸೂಚನೆ: ಈ ಅರ್ಜಿಯನ್ನು ಬಲಗೈಯಲ್ಲಿ ಬರೆಯಲಾಗಿದ್ದು, ಎಡಗೈಯಲ್ಲಿ ಸೊಂಟದಿಂದ ಜಾರುವ ಪ್ಯಾಂಟ್ ಹಿಡಿದುಕೊಳ್ಳಲಾಗಿದೆ. ಅರ್ಜಿದಾರನು ಕಟ್ಟೆಯ ಮೇಲೆ ಇದೇ ಸ್ಥಿತಿಯಲ್ಲಿ ಕಾಯುತ್ತಿರುವ ಕಾರಣ, ತಾವು ಓದಿ ಮುಗಿಸಿದ ಕೂಡಲೇ ಬಾಗಿಲು ತೆಗೆಯಬೇಕಾಗಿ ವಿನಂತಿ.